ಖಾಲಿ ಕುರ್ಚಿಗೆ ಕೇಳಿದ ಪ್ರಶ್ನೆ

ಆ ಪ್ರಶ್ನೆಯನ್ನು ನಾನು ಸುಶೀಲಾಬಾಯಿಗೆ ಕೇಳಲೇ ಇಲ್ಲ.

ನೀವು ಅದನ್ನು ನೋಡಿದ್ದೀರಿ. ಮುಂಡರಗಿಯ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ — ಎತ್ತರದ ಹೆಂಗಸು, ಗಂಜಿ ಹಾಕಿದ ಸೀರೆ, ಎದುರಿನವರನ್ನು ಹುಳದಂತೆ ನೋಡುವ ಕಣ್ಣು. ಟೀವಿಯಲ್ಲಿ ನಾನು ಮೈಕು ಹಿಡಿದು ಕೇಳುತ್ತೇನೆ: “ಮಕ್ಕಳ ಪಾಲಿನ ಅಕ್ಕಿ, ಬೇಳೆ, ಎಣ್ಣೆಯನ್ನು ನಿಮ್ಮ ಮನೆಗೆ ಸಾಗಿಸುತ್ತಿದ್ದದ್ದು ನಿಜವೇ?” ಆಕೆ ಗದ್ದ ಎತ್ತಿ ಹೇಳುತ್ತಾಳೆ: “ಹೌದು, ಒಯ್ತಿದ್ನಿ. ದಿನಾ ಒಯ್ತಿದ್ನಿ. ಯಾರ ಅಪ್ಪನ ಅಂಜಿಕಿ ಐತಿ ನನಗ?”

ಈ ತುಣುಕು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. ಕಳ್ಳತನ ಮಾಡಿ ಮೇಲೆ ಈ ಸೊಕ್ಕು ನೋಡ್ರಿ ಅಂತ ಅದರ ಕೆಳಗೆ ಬರೆದವರು ನೀವೇ. ಭಲೇ ತಂಗಿ ಅಂತ ನನಗೆ ಬರೆದವರೂ ನೀವೇ.

ಉತ್ತರ ಆಕೆಯದೇ. ಪ್ರಶ್ನೆ ಮಾತ್ರ ಅದಲ್ಲ. ಆಕೆ ನನ್ನೆದುರು ಕೂತಿದ್ದಾಗ ನಾನು ಕೇಳಿದ್ದು ಇಷ್ಟು: “ಊಟ ಆದಮ್ಯಾಲೆ ಉಳಿದ ಅನ್ನ, ಮುಸುರಿ ನಿಮ್ಮ ಮನಿ ಎಮ್ಮಿಗೆ ಒಯ್ತಿದ್ರಂತ, ಹೌದ?” ಚೆಲ್ಲುವ ಅನ್ನವನ್ನು ಎಮ್ಮೆಗೆ ಹಾಕುತ್ತಿದ್ದಳು. ಅದನ್ನು ಊರೇ ನೋಡುತ್ತಿತ್ತು. ಅದಕ್ಕೇ ಅಷ್ಟು ಜೋರಾಗಿ ಹೌದು ಅಂದಳು.

ನಮ್ಮ ಕಸುಬಿನ ಒಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಚಾನೆಲ್ಲಿಗೆ ಇಡೀ ಜಿಲ್ಲೆಯಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಮೊದಲು ಉತ್ತರ ಹೇಳುವವರ ಮುಖ ಹಿಡಿಯುತ್ತಿದ್ದೆವು. ಅವರು ಎದ್ದುಹೋದ ಮೇಲೆ ಕ್ಯಾಮೆರಾ ನನ್ನ ಕಡೆ ತಿರುಗುತ್ತಿತ್ತು. ಖಾಲಿ ಕುರ್ಚಿಯನ್ನು ನೋಡುತ್ತ ಕೇಳಿದ್ದ ಪ್ರಶ್ನೆಗಳನ್ನೇ ಇನ್ನೊಮ್ಮೆ ಕೇಳುತ್ತಿದ್ದೆ, ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ತಲೆಯಾಡಿಸುತ್ತಿದ್ದೆ. ಆಮೇಲೆ ಎರಡನ್ನೂ ಕತ್ತರಿಸಿ ಜೋಡಿಸಿದರೆ ಎದುರುಬದುರು ಕೂತು ಮಾತಾಡಿದಂತೆಯೇ ಕಾಣುತ್ತಿತ್ತು. ಇದರಲ್ಲಿ ಮೋಸವಿಲ್ಲ — ಕೇಳಿದ್ದನ್ನೇ ಕೇಳುವವರೆಗೆ.

ಸುಶೀಲಾಬಾಯಿ ಎದ್ದು ಒಳಗೆ ಹೋದಳು. ನಾನು ಖಾಲಿ ಕುರ್ಚಿಗೆ ಬೇರೆ ಪ್ರಶ್ನೆ ಕೇಳಿದೆ.

ಕ್ಯಾಮೆರಾ ಹಿಂದೆ ಇದ್ದವನು ಮೌಲಾಸಾಬ, ಲಕ್ಷ್ಮೇಶ್ವರದವನು. ಮದುವೆ ವಿಡಿಯೋ ತೆಗೆಯುತ್ತಿದ್ದವನನ್ನು ಚಾನೆಲ್ಲು ಹಿಡಿದು ತಂದಿತ್ತು. ಅವನ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದರೆ ಬೆರಳು ಏಳುವುದಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟು. ಶಿರಹಟ್ಟಿಯಲ್ಲೊಮ್ಮೆ ನನ್ನನ್ನು ಸುಡುಬಿಸಿಲಲ್ಲಿ ನಿಲ್ಲಿಸಿ, ಗಿರ್ಮಿಟ್ಟು ತಿನ್ನಲು ಹೋದವನು ಸಾವಕಾಶ ಬಾಯಿ ಒರೆಸಿಕೊಳ್ಳುತ್ತ ಬಂದಿದ್ದ. ನಾವು ಜೊತೆಗೆ ಜಿಲ್ಲೆಯೆಲ್ಲ ಸುತ್ತಿದೆವು, ಒಂದು ದಿನವೂ ಒಬ್ಬರಿಗೊಬ್ಬರು ಸರಿಹೋಗಲಿಲ್ಲ.

ಆ ದಿನ ಅವನು ಕ್ಯಾಮೆರಾದಿಂದ ಕಣ್ಣು ತೆಗೆದು, “ಮೇಡಂ, ಪ್ರಶ್ನಿ ಬ್ಯಾರೆ ಆತಲ್ರಿ,” ಎಂದ.

“ನೀ ಕ್ಯಾಮೆರಾ ನೋಡ್ಕೋ, ಮೌಲಾಸಾಬ. ಪ್ರಶ್ನಿ ನಾ ನೋಡ್ಕೋತೀನಿ.”

ಇದು ನನ್ನ ಬಾಯಿಂದಲೇ ಬಂದ ಮಾತು. ಬೆಂಗಳೂರಿನ ಕಚೇರಿಯಲ್ಲಿ ಕೂತು, ಒಪ್ಕೊಂಡ್ಳಾ, ಒಪ್ಕೊಂಡ್ಳಾ ಎಂದು ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದವನೊಬ್ಬನಿದ್ದ. ಅವನನ್ನು ನೆನೆಸಿಕೊಂಡರೆ ಇಂದಿಗೂ ಮೈ ಉರಿಯುತ್ತದೆ. ಎಲ್ಲವನ್ನೂ ಅವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಪ್ರಶ್ನೆ ಬದಲಿಸು ಎಂದು ಅವನು ಹೇಳಲಿಲ್ಲ. ಯಾರೂ ಹೇಳಲಿಲ್ಲ.

ಯಾಕೆ ಮಾಡಿದೆ — ಇದನ್ನು ಬರೆದರೆ ನೆಪ ಹೇಳಿದಂತೆ ಕೇಳಿಸುತ್ತದೆ. ಬರೆಯದಿದ್ದರೆ ಇನ್ನೊಂದು ಸುಳ್ಳು.

ನಾನು ಹೊಳೆದಂಡೆಯ ಕೊರ್ಲಹಳ್ಳಿಯವಳು. ಅದೇ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಿದವಳು. ಆಗಲೂ ಸುಶೀಲಾಬಾಯಿಯೇ ವಾರ್ಡನ್. ನಾವೆಲ್ಲ ಅಕ್ಕೋರು ಅನ್ನುತ್ತಿದ್ದೆವು. ಒಂದು ರವಿವಾರ ಅಂಗಳದಲ್ಲಿ ಎಲ್ಲರ ಮುಂದೆ ನನ್ನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, “ಹೊಳಿದಂಡಿ ಹೇನೆಲ್ಲಾ ನಿನ್ನ ತಲ್ಯಾಗ ಬಂದು ಕುಂತಾವಲೇ,” ಎಂದು ಕತ್ತರಿ ಹಾಕಿದಳು. ಅವ್ವ ಎಣ್ಣೆ ಹಚ್ಚಿ, ಜಡೆ ಹಾಕಿ ಬೆಳೆಸಿದ ಕೂದಲು. ಹುಡುಗಿಯರು ನಕ್ಕರು. ಜೀವದ ಗೆಳತಿ ಅಂದುಕೊಂಡವಳೂ ನಕ್ಕಳು. ಆ ವರ್ಷವೆಲ್ಲ ತಲೆಗೆ ಸೆರಗಿನಂತೆ ದುಪಟ್ಟಾ ಹೊದ್ದು ತಿರುಗಿದೆ.

ಹಾಸ್ಟೆಲಿನಲ್ಲಿ ಸಾರು ನೀರಾಗಿದೆ, ರೇಷನ್ ಎಲ್ಲೋ ಹೋಗುತ್ತಿದೆ ಎಂದು ಪಾಲಕರು ದೂರು ಕೊಟ್ಟಾಗ ನಾನು ಕುಣಿಯುತ್ತ ಮುಂಡರಗಿಗೆ ಹೋದೆ. ಆಕೆಗೆ ನನ್ನ ಗುರುತು ಹತ್ತಲಿಲ್ಲ. “ಯಾವೂರವ್ವ ನಿಂದು?” ಎಂದು ಕೇಳಿದಳು. ಗದಗ ಎಂದೆ. ಕೊರ್ಲಹಳ್ಳಿ ಅಂದಿದ್ದರೆ ನೆನಪಾಗುತ್ತಿತ್ತೋ ಏನೋ. ಮೈಕು ನನ್ನ ಕೈಯಲ್ಲಿತ್ತು, ಕುರ್ಚಿಯಲ್ಲಿ ಆಕೆ ಕೂತಿದ್ದಳು. ನನಗೆ ಖುಷಿಯಾಗಿತ್ತು — ಸುಳ್ಳು ಹೇಳುವುದಿಲ್ಲ, ಬಹಳ ಖುಷಿಯಾಗಿತ್ತು.

ಪ್ರಸಾರವಾದ ಕೆಲವೇ ದಿನಕ್ಕೆ ಆಕೆ ಅಮಾನತಾದಳು. ತನ್ನ ಮಾತು ಅದಲ್ಲ ಎಂದು ಅರ್ಜಿ ಬರೆದಳಂತೆ. ಮಾತು ಆಕೆಯದೇ ಎಂದು ಟೀವಿಯೇ ಹೇಳುತ್ತಿರುವಾಗ ಯಾರು ಕೇಳುತ್ತಾರೆ? ಮೂಲ ಟೇಪು ಉಳಿದಿರಲಿಲ್ಲ. ಒಂದೇ ಟೇಪನ್ನು ಅಳಿಸಿ ಅಳಿಸಿ ಮತ್ತೆ ತುಂಬಿಸುತ್ತಿದ್ದೆವು. ಅದರ ಮೇಲೆ ಬೆಟಗೇರಿಯ ಯಾವುದೋ ಸಭೆಯ ಭಾಷಣ ಕೂತಿತ್ತು. ನಿಜ ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಮೌಲಾಸಾಬ.

ವಿಚಾರಣೆ ಎಳೆದು ಎಳೆದು, ರೇಷನ್ ಆಕೆಯ ಮನೆಗೆ ಹೋದದ್ದಕ್ಕೆ ಬೇರೆ ಸಾಕ್ಷಿ ಸಿಗದೆ, ಕಡೆಗೆ ಆಕೆಯ ತಪ್ಪಿಲ್ಲ ಎಂದು ಆಯಿತು. ಆ ಖಬರು ನನಗೇ ಮೊದಲು ಬಂತು. ಚಾನೆಲ್ಲಿಗೆ ಕಳಿಸಬೇಕಾಗಿತ್ತು. ಕಳಿಸಲಿಲ್ಲ. ಹಳೆಯ ಸುದ್ದಿ, ಯಾರು ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಚಹ ಕುಡಿದೆ. ಮೊದಲನೆಯದನ್ನು ಸಿಟ್ಟಿನಲ್ಲಿ ಮಾಡಿದೆ ಎನ್ನಬಹುದು. ಇದನ್ನು? ಇದನ್ನು ತಣ್ಣಗೆ ಕೂತು ಮಾಡಿದೆ.

ಆಕೆಯನ್ನು ಬೇರೆ ಊರಿಗೆ ಹಾಕಿದರು. ಆಕೆ ಹೋಗುವ ಮೊದಲೇ ಕಳ್ಳಿ ಅಕ್ಕೋರು ಎಂಬ ಹೆಸರು ಅಲ್ಲಿಗೆ ಹೋಗಿ ಕೂತಿತ್ತು. ನಿವೃತ್ತಿಯ ದಿನ ಜವಾನನಿಗೂ ಹಾರ ಹಾಕಿ ಫೋಟೋ ತೆಗೆಸುವ ಇಲಾಖೆ ಆಕೆಗೆ ಒಂದು ಬೀಳ್ಕೊಡುಗೆ ಮಾಡಲಿಲ್ಲವಂತೆ. ಇನ್ನು ರೇಷನ್ ನಿಜವಾಗಿ ಯಾರು ಹೊಡೆಯುತ್ತಿದ್ದರು? ಗೊತ್ತಿಲ್ಲ. ನಾನು ಹುಡುಕಲೇ ಇಲ್ಲ. ನನಗೆ ಬೇಕಾದ ಕಳ್ಳಿ ಸಿಕ್ಕಿದ್ದಳು. ಹುಡುಗಿಯರು ಅದೇ ನೀರುಸಾರು ಉಂಡರು.

ಈಗ ನಾನು ಟೀವಿಯಲ್ಲಿಲ್ಲ. ಹೋದ ತಿಂಗಳು ಗದಗಿನಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಾರ, ನಾನೇ ನಂಬದಷ್ಟು ಹೊಗಳಿಕೆ. ಆಮೇಲೆ ದೀಪ ಆರಿಸಿ ಪರದೆಯ ಮೇಲೆ ತೋರಿಸಿದ್ದು ಯಾವುದು ಅಂತೀರಿ — ಅದೇ. ಆಕೆಯ ಗದ್ದ, ಆಕೆಯ ಹೌದು. ಸಭೆ ಚಪ್ಪಾಳೆ ತಟ್ಟಿತು. ಪತ್ರಿಕೋದ್ಯಮ ಓದುವ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ಆಕಿ ಬಾಯಿ ಹೆಂಗ ಬಿಡಿಸಿದ್ರಿ?” ಎಂದು ಕೇಳಿದಳು.

ಧೈರ್ಯ ಬೇಕಮ್ಮ, ತಯಾರಿ ಬೇಕು, ಎಂದೆ. ಥೂ! ಆ ಹುಡುಗಿ ಅದನ್ನು ಬರೆದುಕೊಂಡಳು ಕೂಡ.

ಕಾರ್ಯಕ್ರಮದ ವಿಡಿಯೋ ತೆಗೆಯಲು ಬಂದವನು ಮೌಲಾಸಾಬ. ಗಡ್ಡ ಬೆಳ್ಳಗಾಗಿದೆ, ಸಿಟ್ಟು ಹಾಗೇ ಇದೆ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಪಕ್ಕಕ್ಕೆ ಬಂದು ನಿಂತ.

“ಚೊಲೊ ಉತ್ತರಾ ಕೊಟ್ರಿ ಮೇಡಂ. ಆ ಅಕ್ಕೋರು ನಮ್ಮ ಲಕ್ಷ್ಮೇಶ್ವರದಾಗ ಅದಾರ. ಸಂತಿಯೊಳಗ ಕಂಡ್ರ ನಾ ಗಲ್ಲಿ ಬದಲ ಮಾಡ್ತೀನಿ. ಎಷ್ಟ ವರ್ಷ ಬದಲ ಮಾಡ್ಲಿ?”

“ನೀನೂ ಸುಮ್ನಿದ್ದೆಲ್ಲ,” ಎಂದು ರೇಗಿದೆ.

“ಇದ್ನಿ. ನಾ ಎಲ್ಲಿ ಇಲ್ಲ ಅಂದ್ನಿ? ನಾ ಹೇಳಿದ್ರ ಯಾರ ನಂಬತಾರ? ಮುಖ ನಿಮ್ದು, ದನಿ ನಿಮ್ದು.”

ಮರುದಿನ ಸನ್ಮಾನ ಮಾಡಿದವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಹಳೇ ಮಾತು ಯಾಕ್ರಿ ಮೇಡಂ, ನಿಮ್ಮ ಹೆಸರೂ ಕೆಡತೈತಿ, ನಮ್ಮ ಹೆಸರೂ ಕೆಡತೈತಿ, ಎಂದರು. ಶಾಲನ್ನು ಅವರ ಮನೆಗೆ ಕಳಿಸಿಕೊಟ್ಟೆ. ಆಮೇಲೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಹೊರಡುವ ಮೊದಲು ಫೋನು ಮಾಡಿದ್ದೆ, ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಮೌಲಾಸಾಬ ಕಾಯುತ್ತಿದ್ದ. ಆಕೆಯ ಮನೆಯ ತನಕ ಅವನು ಮುಂದೆ ನಡೆದ, ನಾನು ಹಿಂದೆ.

ಸುಶೀಲಾಬಾಯಿ ಬಾಗಿಲು ತೆರೆದಳು. ಬೆನ್ನು ಬಾಗಿಲ್ಲ, ಸೀರೆಗೆ ಅದೇ ಗಂಜಿ. ನನ್ನನ್ನು ಗುರುತು ಹಿಡಿಯಲು ಈ ಸಲ ಹೊತ್ತಾಗಲಿಲ್ಲ. ಮೌಲಾಸಾಬನಿಗೆ ಮಾತ್ರ “ಕುಂಡ್ರಿ” ಎಂದಳು. ನಾನು ನಿಂತೇ ಇದ್ದೆ.

“ಇನ್ನ ಏನ ಉಳದೈತಿ?” ಎಂದು ಕೇಳಿದಳು.

ಹೇಳಿದೆ. ಎಮ್ಮೆಯ ಪ್ರಶ್ನೆ, ಖಾಲಿ ಕುರ್ಚಿ, ಆಮೇಲೆ ಕೇಳಿದ ಪ್ರಶ್ನೆ, ಕಳಿಸದೆ ಬಿಟ್ಟ ಖಬರು. ಬೈಯುತ್ತಾಳೆಂದು ಕಾಯುತ್ತಿದ್ದೆ, ಬೈದರೆ ಒಳ್ಳೆಯದಿತ್ತು. ಆಕೆ ಗೋಡೆ ಹಿಡಿದು ಮೆಲ್ಲಗೆ ಕೂತಳು.

“ಅಂದ್ರ ನನ್ನ ತಲಿ ಕೆಟ್ಟಿದ್ದಿಲ್ಲ,” ಎಂದಳು.

ನನಗೆ ತಿಳಿಯಲಿಲ್ಲ.

“ಮೊದಲ ಅರ್ಜಿ ಬರದ್ನಿ, ಕೇಳಿದ್ದು ಎಮ್ಮಿ ಮಾತು, ನಾ ಹಂಗ ಅಂದಿಲ್ಲ ಅಂತ. ಆಮ್ಯಾಲೆ ಅದನ್ನ ಎಷ್ಟ ಸಲ ನೋಡಿದ್ನಿ. ಬಾಯಿ ನಂದ, ದನಿ ನಂದ. ಇಂಥಾ ಪ್ರಶ್ನಿಗೆ ನಾ ಹೌದು ಅಂತ ಹೆಂಗ ಅಂದ್ನಿ? ಕಿವಿ ಕೇಳಿಸಿದ್ದಿಲ್ಲೇನು, ಧ್ಯಾಸ ಎಲ್ಲಿತ್ತು? ಕಡೀಕ ನಾನ ಅಂದಿರಬೇಕು ಅನಕೊಂಡು ಸುಮ್ನಾದ್ನಿ. ನನ್ನ ಮ್ಯಾಲೆ ನನಗ ನಂಬಿಕಿ ಹೋತು.”

ಅಮಾನತಾಗಿದ್ದು, ಹೆಸರು ಹೋಗಿದ್ದು ನನ್ನ ಲೆಕ್ಕದಲ್ಲಿತ್ತು. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಯಾರಿಗೂ ಅಂಜದಿದ್ದ ಹೆಂಗಸು, ತಾನೇ ಆಡಿದ ಮಾತನ್ನು ತಾನೇ ನಂಬಲಾರದೆ ಇಷ್ಟು ವರ್ಷ — ನಾನು ಮಾಡಿದ್ದು ಇದು.

“ನಾನೂ ಇದ್ನಿರಿ ಅಕ್ಕೋರ ಅಲ್ಲಿ,” ಎಂದ ಮೌಲಾಸಾಬ.

“ನಿನ್ನ ಬಾಯಾಗ ಏನಿತ್ತು?” ಎಂದಳು.

ಆಮೇಲೆ ನನ್ನ ಕಡೆ ತಿರುಗಿ ಯಾಕೆ ಮಾಡಿದಿ ಎಂದು ಕೇಳಿದಳು. ಒಗೆಯುವ ಕಲ್ಲು, ಕತ್ತರಿ — ಅದನ್ನೂ ಹೇಳಿದೆ. ಆಕೆ ನನ್ನ ತಲೆಗೂದಲು ನೋಡಿ, “ಹೇನ ಆದ್ರ ಕತ್ತರಸ್ತಿದ್ನಿ. ಎಷ್ಟೋ ಹುಡಿಗ್ಯಾರ್ದು ಕತ್ತರಿಸೇನಿ. ನಿಂದು ನೆನಪಿಲ್ಲ,” ಎಂದಳು. ಒಂದು ಅಯ್ಯೋ ಇಲ್ಲ, ಪಾಪ ಇಲ್ಲ. ಅಷ್ಟಾದ ಮೇಲೂ, ಆಕೆಯ ಮನೆಯಲ್ಲಿ ತಪ್ಪೊಪ್ಪಿಕೊಳ್ಳಲು ನಿಂತಿದ್ದಾಗಲೂ, ನನಗೆ ಸಿಟ್ಟು ಬಂತು. ಬಂತೆಂದೇ ಬರೆಯುತ್ತೇನೆ. ಈ ಹೆಂಗಸು ನನಗೆ ಅಂದೂ ಸೇರಲಿಲ್ಲ, ಇಂದೂ ಸೇರುವುದಿಲ್ಲ. ಕಲ್ಲೆದೆಯವಳು. ಆದರೆ ಕಳ್ಳಿಯಲ್ಲ, ಮತ್ತು ಅದು ನನಗೆ ಗೊತ್ತಿತ್ತು.

“ಸಿಟ್ಟಿದ್ರ ನನ್ನ ಮಾರಿ ಮ್ಯಾಲೆ ಬೈಬೇಕಿತ್ತು,” ಎಂದಳು. “ಎರಡು ಏಟು ಹಾಕಿದ್ರೂ ನಡೀತಿತ್ತು.”

ಬರೀತೀನ್ರಿ ಅಕ್ಕೋರ, ಎಲ್ಲಾ ಬರೀತೀನಿ, ಎಂದೆ.

“ಬರಿ. ನನ್ನ ಹೆಸರ ಹಾಕಿ ಬರಿ.” ಎದ್ದು ಬಾಗಿಲ ತನಕ ಬಂದಳು. ನಾವು ಮೆಟ್ಟಿಲು ಇಳಿದ ಮೇಲೆ ಕರೆದಳು. “ಏ, ನಿಂದರು. ಕಡೀಕ ಅಕ್ಕೋರು ನನ್ನ ಕ್ಷಮಾ ಮಾಡಿದ್ರು, ಕಣ್ಣಾಗ ನೀರ ತಂದ್ರು ಅಂತ ಬರದೀ ಮತ್ತ. ನಾ ಆಡದ ಮಾತು ಇನ್ನೊಮ್ಮೆ ನನ್ನ ಬಾಯಾಗ ಹಾಕಬ್ಯಾಡ.”

ಸುಶೀಲಾಬಾಯಿ ಕಳ್ಳತನ ಮಾಡಿಲ್ಲ. ಸುಶೀಲಾಬಾಯಿ ನನ್ನನ್ನು ಕ್ಷಮಿಸಿಲ್ಲ.