ಅಕ್ಕನ ಆಟ, ಸ್ಟೆಲ್ಲಾಳ ಮಾತು

ಆಗಿನ್ನೂ ನಮ್ಮ ಮನೆಯಲ್ಲಿ ಎಲ್ಲರ ಕೈಗೂ ಒಂದೊಂದು ಫೋನ್ ಬಂದಿರಲಿಲ್ಲ. ಇದ್ದ ಒಂದೇ ದೊಡ್ಡ ಪರದೆಯ ಫೋನು ಚಿಕ್ಕಮ್ಮನದು. ಮದುವೆಗೆ ಮುಂಚೆ ಅವರು ಅತ್ತಿಗುಪ್ಪೆಯ ನಮ್ಮ ಬಾಡಿಗೆ ಮನೆಯಲ್ಲೇ ಇದ್ದರು. ಸಂಜೆ ಕೆಲಸದಿಂದ ಬಂದು, ಮುಖ ತೊಳೆದು, ಅಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವವರೆಗೆ ಆ ಫೋನು ನನ್ನದು. ಅಮ್ಮ ಒಳಗೆ ಒಗ್ಗರಣೆ ಹಾಕುವಷ್ಟರಲ್ಲಿ ಸ್ಟೆಲ್ಲಾಳ ಎರಡು ವಿಡಿಯೊ ನೋಡಬಹುದಿತ್ತು. ಈಗಲೂ ಈರುಳ್ಳಿ ಒಗ್ಗರಣೆಯ ವಾಸನೆ ಬಂದರೆ ಮೊದಲು ನೆನಪಾಗುವುದು ಊಟವಲ್ಲ, ಸ್ಟೆಲ್ಲಾ.

ಸ್ಟೆಲ್ಲಾ ಒಂದು ಗೊಂಬೆ. ಬಂಗಾರದ ಕೂದಲು, ಬೆರಳಗಲದ ಸೊಂಟ. ಪೆಟ್ಟಿಗೆಯಲ್ಲಿ ಗೊಂಬೆ, ಫೋನಿನಲ್ಲಿ ಮಾತಾಡುವ ಹುಡುಗಿ. ಅವಳದೇ ಕೋಣೆ, ಅವಳದೇ ಚಾನೆಲ್, ನಮ್ಮ ಕಡೆ ನೋಡಿ "ಹಾಯ್" ಅನ್ನುತ್ತಿದ್ದಳು. ಅವಳ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಬಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಬಿಳಿ ಕೋಟು ಹಾಕಿದರೆ ಡಾಕ್ಟರ್, ಟೋಪಿ ಹಾಕಿದರೆ ಪೈಲಟ್. ಡಾಕ್ಟರ್ ಆದ ದಿನ ರೋಗಿಯನ್ನು ಕೂರಿಸಿ ಲಿಪ್‌ಸ್ಟಿಕ್ ಹುಡುಕಿದಳು. ವಿಮಾನ ಕೆಟ್ಟಾಗ ಅವಳ ಗೆಳೆಯ ಬಂದು ರಿಪೇರಿ ಮಾಡಿದ, ಇವಳು ಪಕ್ಕದಲ್ಲಿ ನಿಂತು ನಕ್ಕಳು. ತಪ್ಪು ಯಾರದಾದರೂ ಸಾರಿ ಹೇಳುವವಳು ಇವಳೇ. ನನಗೆ ಅದೆಲ್ಲ ಬಹಳ ಇಷ್ಟವಾಗಿತ್ತು.

ನನಗೆ ಒಂಬತ್ತು ತುಂಬಿದಾಗ ಚಿಕ್ಕಮ್ಮ ಆ ಗೊಂಬೆಯನ್ನೇ ತಂದುಕೊಟ್ಟರು. ಪಾದಗಳು ಯಾವಾಗಲೂ ತುದಿಗಾಲಲ್ಲಿ, ಗೋಡೆಗೆ ಒರಗಿಸದಿದ್ದರೆ ಬಿದ್ದುಹೋಗುತ್ತಿತ್ತು. ಅಕ್ಕ ಅದನ್ನು ಖೋಖೋ ಆಡುವವರ ಹಾಗೆ ಕುಕ್ಕರಗಾಲಲ್ಲಿ ಕೂರಿಸಲು ನೋಡಿದಳು. ಮಂಡಿ ಬಗ್ಗಲಿಲ್ಲ.

"ಇವ್ಳು ನಮ್ ಟೀಮಿಗೆ ಆಗಲ್ಲ ಬಿಡೇ," ಎಂದು ನನ್ನ ಕೈಗೆ ವಾಪಸ್ ಕೊಟ್ಟಳು.

ಅಕ್ಕ ಚೈತ್ರಾಳಿಗೆ ಆಗ ಹದಿಮೂರು. ಶಾಲೆಯ ಖೋಖೋ ತಂಡದಲ್ಲಿ ಅವಳನ್ನು ಮುಟ್ಟಿ ಔಟ್ ಮಾಡುವುದು ಸುಲಭವಿರಲಿಲ್ಲ. ಮನೆಯಲ್ಲೂ ಅದೇ ಆಟ. ನಾನು ಅವಳಿಗೆ ಬೆನ್ನು ಮಾಡಿ ಹೋಂವರ್ಕ್ ಬರೆಯುತ್ತಿದ್ದರೆ ಹಿಂದಿನಿಂದ ಬಂದು ಬೆನ್ನಿಗೆ ಒಂದು ಬಾರಿಸಿ "ಖೋ" ಅನ್ನುತ್ತಿದ್ದಳು. ಖೋ ಕೊಟ್ಟರೆ ಎದ್ದು ಓಡಲೇಬೇಕು, ನಿಯಮ. ಹಾಗೆ ಎದ್ದು ಕೊತ್ತಂಬರಿ ಸೊಪ್ಪು ತಂದಿದ್ದೇನೆ, ನೀರಿನ ಮೋಟರ್ ಆಫ್ ಮಾಡಿದ್ದೇನೆ, ಅವಳು ಒಡೆದ ಲೋಟದ ಚೂರುಗಳನ್ನೂ ಗುಡಿಸಿದ್ದೇನೆ. ಒಮ್ಮೆಯೂ ಬೇಜಾರಾಗಿರಲಿಲ್ಲ.

ಆ ವರ್ಷ ಬೇರೆ ಶಾಲೆಗಳ ಜೊತೆಗಿನ ಪಂದ್ಯ ಹತ್ತಿರ ಬಂದಿತ್ತು. ಅಲ್ಲಿ ಚೆನ್ನಾಗಿ ಆಡಿದವರನ್ನು ಜಿಲ್ಲೆಯ ತಂಡಕ್ಕೆ ಆರಿಸುತ್ತಿದ್ದರು. ಅಕ್ಕ ಆಯ್ಕೆಯಾಗುತ್ತಾಳೆಂದು ಪಿಟಿ ಮಿಸ್ ಅಮ್ಮನಿಗೇ ಹೇಳಿದ್ದರು. ಪಂದ್ಯಕ್ಕೆ ಹತ್ತು ದಿನ ಇರುವಾಗ ಅಕ್ಕ ದೊಡ್ಡವಳಾದಳು.

ನಮ್ಮಲ್ಲಿ ಅದಕ್ಕೆ ಒಂದು ಕ್ರಮವಿದೆ. ಹುಡುಗಿಯನ್ನು ಶಾಲೆಗೆ ಕಳಿಸದೆ ಒಂದು ಮೂಲೆಯಲ್ಲಿ ಚಾಪೆ ಹಾಕಿ ಕೂರಿಸುತ್ತಾರೆ. ನೆಂಟರು ಬಂದು ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ ಉಂಡೆ ತಿನ್ನಿಸುತ್ತಾರೆ. ಕೊನೆಗೆ ಒಂದು ಸಂಜೆ ರೇಷ್ಮೆ ಸೀರೆ ಉಡಿಸಿ, ಜಡೆಗೆ ಮೊಗ್ಗು ಹೆಣೆದು, ಹಸೆಯ ಮೇಲೆ ಕೂರಿಸಿ ಆರತಿ ಮಾಡುತ್ತಾರೆ. ಬಂದವರೆಲ್ಲ ಅಕ್ಕನಿಗೆ ಒಂದೇ ಮಾತು ಹೇಳಿದರು, ಇನ್ನು ಮೇಲೆ ಹಾರಾಟ ಕಡಿಮೆ ಮಾಡು ಅಂತ.

"ಇಷ್ಟು ಲಕ್ಷಣವಾಗಿದೀಯ, ಬಿಸಿಲಲ್ಲಿ ಯಾಕೇ ಕಪ್ಪಾಗ್ತೀಯ?" ಎಂದರು ಚಿಕ್ಕಮ್ಮ.

ಅಕ್ಕ ಚಿಗಳಿ ಅಗಿಯುತ್ತಾ ಅಮ್ಮನನ್ನೇ ನೋಡಿದಳು. "ಶನಿವಾರ ಮ್ಯಾಚಿದೆ ಅಮ್ಮ."

"ಶುಕ್ರವಾರ ಆರತಿ ಆಗ್ಲಿ. ಶನಿವಾರ ಬೇಕಾದ್ರೆ ಹೋಗು," ಎಂದಳು ಅಮ್ಮ. ಆ ಒಂದು ಮಾತು ಅಮ್ಮನಿಂದ ಹೇಳಿಸಲು ಅಕ್ಕನಿಗೆ ಮೂರು ದಿನ ಹಿಡಿದಿತ್ತು.

ನನಗೆ ಮಾತ್ರ ಆ ದಿನಗಳು ಹಬ್ಬ. ಸದಾ ಮೈದಾನದಲ್ಲಿರುತ್ತಿದ್ದ ಅಕ್ಕ ಮನೆಯಲ್ಲೇ ಇದ್ದಳು, ಅದೂ ಕೂತ ಕಡೆ. ಚಿಕ್ಕಮ್ಮನ ಪೌಡರು, ಕಾಡಿಗೆ, ಲಿಪ್‌ಸ್ಟಿಕ್ಕು ತಂದು ಸ್ಟೆಲ್ಲಾ ತೋರಿಸಿಕೊಟ್ಟ ಹಾಗೆ ಅವಳ ಮುಖಕ್ಕೆ ಬಳಿದೆ. ಬೇಜಾರಿನಲ್ಲಿದ್ದಳೋ ಏನೋ, ಸುಮ್ಮನೆ ಮುಖ ಕೊಟ್ಟಳು. "ನಗು," ಅಂದೆ. ನಕ್ಕಳು. ನನ್ನ ಹತ್ತಿರ ದೊಡ್ಡ ಗೊಂಬೆಯೊಂದು ಇದೆ ಅನ್ನಿಸಿತು.

ಬುಧವಾರ ಸಂಜೆ ನೋಡಿದ ವಿಡಿಯೊದಲ್ಲಿ ಸ್ಟೆಲ್ಲಾಳ ಓಟದ ಪಂದ್ಯವಿತ್ತು. ಹೊರಡುವಾಗ ಜೊತೆಗೆ ಇದ್ದ ಗೆಳತಿಯ ಪಾರ್ಟಿ ಗೌನು ಹರಿದುಹೋಯಿತು, ಹೊಲಿದುಕೊಡುವವರು ಬೇಕಿತ್ತು. ಸ್ಟೆಲ್ಲಾ ಕೋಚಿನ ಹತ್ತಿರ ಹೋಗಿ, ಸಾರಿ, ನಾನು ಓಡುವುದಿಲ್ಲ, ಮನೆಯಲ್ಲಿ ನನ್ನ ಅಗತ್ಯವಿದೆ ಎಂದಳು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮೇಲಿನಿಂದ ಬಣ್ಣದ ಕಾಗದದ ಚೂರುಗಳು ಉದುರಿದವು.

ಗುರುವಾರ ಬೆಳಿಗ್ಗೆ ಅಕ್ಕ ನನ್ನ ಬ್ಯಾಗಿನ ಪಟ್ಟಿ ಹಿಡಿದು ನಿಲ್ಲಿಸಿದಳು. ಆಡುವವರ ಹೆಸರುಗಳನ್ನು ಮಿಸ್ ಆ ದಿನವೇ ಬರೆದು ಕಳಿಸಬೇಕಿತ್ತು.

"ಮಿಸ್‌ಗೆ ಹೇಳು. ಶನಿವಾರ ಬಂದೇ ಬರ್ತೀನಿ, ನನ್ ಹೆಸರು ತೆಗೀಬೇಡಿ ಅಂತ. ಮರೀಬೇಡ ಕಣೇ."

ಮರೆಯಲಿಲ್ಲ. ಊಟದ ಬೆಲ್ಲಿನಲ್ಲಿ ನೇರವಾಗಿ ಪಿಟಿ ಮಿಸ್ ಹತ್ತಿರ ಹೋಗಿ ಕೈ ಕಟ್ಟಿ ನಿಂತೆ. "ಮಿಸ್, ಅಕ್ಕ ಸಾರಿ ಹೇಳು ಅಂದ್ಲು. ಮ್ಯಾಚಿಗೆ ಬರಲ್ಲ ಅಂತೆ. ಮನೇಲಿ ಫಂಕ್ಷನ್ ಇದೆ, ಅವ್ಳು ರೆಡಿ ಆಗ್ಬೇಕು."

"ಅವಳೇ ಹೇಳಿದ್ಲಾ?"

"ಹೂಂ ಮಿಸ್."

ನಗುತ್ತಲೇ ಹೇಳಿದೆ, ಸ್ಟೆಲ್ಲಾಳ ಹಾಗೆ. ಅಕ್ಕನನ್ನು ಇನ್ನಷ್ಟು ಒಳ್ಳೆಯವಳನ್ನಾಗಿ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಮಿಸ್ ಹಾಳೆಯ ಮೇಲೆ ಒಂದು ಗೆರೆ ಎಳೆದು, ಸರಿ ಹೋಗು ಎಂದರು. ಚಪ್ಪಾಳೆ ಇರಲಿಲ್ಲ.

ಶುಕ್ರವಾರ ಆರತಿ ಆಯಿತು. ಅಕ್ಕ ಎಲ್ಲರ ಬಾಯಲ್ಲೂ ಗೊಂಬೆಯಾದಳು. ಶನಿವಾರ ಬೆಳಿಗ್ಗೆ ಕೈಯ ಮೆಹಂದಿಯ ಜೊತೆಗೇ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಮೆಟ್ಟಿಲು ಎರಡೆರಡು ಇಳಿದು ಓಡಿದಳು. ಗಂಟೆಯೊಳಗೆ ವಾಪಸ್ ಬಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಯಾಕೇ ಬಂದೆ?" ಎಂದು ಅಮ್ಮ ಕೇಳಿದಳು.

"ಹೊಟ್ಟೆ ನೋವು."

ನನ್ನ ಕಡೆ ಒಮ್ಮೆ ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಬೂಟನ್ನು ಬಿಚ್ಚಿ, ದಾರವನ್ನು ಒಳಗೆ ಸೇರಿಸಿ, ಮಂಚದ ಕೆಳಗೆ ತಳ್ಳಿದಳು. ಆ ಬೂಟು ಎರಡು ವರ್ಷ ಕಳೆದ ಮೇಲೆ ನನಗೆ ಸರಿಹೋಯಿತು.

ಈಗ ಅಕ್ಕ ವಿಜಯನಗರದ ಒಂದು ಒಡವೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ರೇಷ್ಮೆಯಂಥ ಸೀರೆ, ತುಟಿಗೆ ಬಣ್ಣ, ಗಿರಾಕಿ ಏನು ಅಂದರೂ ನಗು, ಅದು ಅಲ್ಲಿನ ನಿಯಮ. ಕೂರುವ ಹಾಗಿಲ್ಲ. ಸಂಜೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಪಾದ ಮುಳುಗಿಸಿ ಕೂರುತ್ತಾಳೆ. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ.

ಮೊನ್ನೆ ನನ್ನ ಫೋನಿನಲ್ಲಿ ಸ್ಟೆಲ್ಲಾ ತಾನಾಗಿಯೇ ಬಂದಳು. ಬದಲಾಗಿದ್ದಾಳೆ. ಹುಡುಗಿಯರೇ, ಸುಮ್ಮಸುಮ್ಮನೆ ಸಾರಿ ಹೇಳಬೇಡಿ, ನೀವು ಏನು ಬೇಕಾದರೂ ಆಗಬಹುದು ಎನ್ನುತ್ತಾಳೆ. ಅದನ್ನು ಹೇಳಿ ಮುಗಿಸಿ ಮೂರು ಲಿಪ್‌ಸ್ಟಿಕ್ ತೋರಿಸಿದಳು. ಸೊಂಟ ಇನ್ನೂ ಅಷ್ಟೇ ಇದೆ. ಕೋಪ ಬರಬಹುದೆಂದು ಕಾದೆ, ಬರಲಿಲ್ಲ. ಪೂರ್ತಿ ನೋಡಿ ಫೋನ್ ಕೆಳಗಿಟ್ಟೆ.

ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ ಅಕ್ಕನಿಗೆ ಹೇಳಿದೆ. "ಅವತ್ತು ಮಿಸ್ ಹತ್ರ ನೀನು ಬರಲ್ಲ ಅಂತ ಹೇಳಿದ್ದು ನಾನೇ."

"ಗೊತ್ತು ಕಣೇ. ಮಿಸ್ ಅವತ್ತೇ ಹೇಳಿದ್ರು. ನನ್ ಜಾಗಕ್ಕೆ ಬೇರೆಯವಳನ್ನ ಹಾಕಿದ್ರು."

"ಮತ್ತೆ ಯಾಕೆ ಬೈಲಿಲ್ಲ?"

ಅಕ್ಕ ನೀರೊಳಗೆ ಬೆರಳು ಆಡಿಸಿದಳು. "ಮನೆಗೆ ಬಂದವ್ರೆಲ್ಲ ಅದನ್ನೇ ಹೇಳ್ತಿದ್ರು. ನೀನು ಚಿಕ್ಕವಳು, ಹೋಗಿ ಮಿಸ್‌ಗೆ ಹೇಳ್ದೆ. ನಿನ್ನೊಬ್ಳನ್ನೇ ಏನಂತ ಬೈಯ್ಲಿ?"

ಅಷ್ಟೇ ಮಾತು. ಅಳು ಬರಲಿಲ್ಲ, ಹಗುರವೂ ಆಗಲಿಲ್ಲ. ಆ ಶನಿವಾರದ ನಂತರ ಅಕ್ಕ ನನಗೆ ಒಮ್ಮೆಯೂ ಖೋ ಕೊಟ್ಟಿಲ್ಲ. ಅದು ನನಗೆ ಹೊಳೆದದ್ದೂ ಆಗಲೇ. ಏನಾದರೂ ಬೇಕಿದ್ದರೆ ತಾನೇ ಎದ್ದು ಹೋಗುತ್ತಾಳೆ.

ಪುಸ್ತಕ ತೆಗೆದು, ಚಿಕ್ಕಂದಿನ ಹಾಗೆ ಅವಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೆ. ಬಕೆಟ್ಟಿನ ನೀರು ಅಲುಗಿತು, ಅವಳು ಕಾಲು ಒರೆಸಿಕೊಂಡಳು. ನನ್ನ ಪಕ್ಕದಲ್ಲೇ ದಾಟಿಕೊಂಡು ಹೋಗಿ ಬಕೆಟ್ಟಿನ ನೀರನ್ನು ತಾನೇ ಚೆಲ್ಲಿ ಬಂದಳು.