ಜಯದೇವಪ್ಪ ಮೇಷ್ಟ್ರು ಬರೆದ ಎರಡನೇ ಪತ್ರ

ಜಯದೇವಪ್ಪ ಮೇಷ್ಟ್ರು ಯಾರನ್ನಾದರೂ ಹೊಗಳಿದ್ದು ಕೇಳಿದ್ದೀರಾ ಅಂತ ಬಣಕಲ್ ಕಡೆಯವರನ್ನು ಕೇಳಿ ನೋಡಿ, ನಕ್ಕುಬಿಡುತ್ತಾರೆ. ಹೆದ್ದಾರಿ ಪಕ್ಕದ ಪಿಯು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುವ ಈ ಮನುಷ್ಯನ ಬಾಯಿಂದ ಬಂದ ಅತಿ ದೊಡ್ಡ ಮೆಚ್ಚುಗೆ ಎಂದರೆ ‘ಪರವಾಗಿಲ್ಲ’. ನೂರಕ್ಕೆ ತೊಂಬತ್ತೆಂಟು ತೆಗೆದ ಮಕ್ಕಳಿಗೂ ಅದೇ, ಹೆಂಡತಿ ಗಿರಿಜಾಂಬಾ ಮಾಡಿದ ಕಡುಬಿಗೂ ಅದೇ. ಮದುವೆಯಾದ ಹೊಸದರಲ್ಲಿ ಆಕೆ ಅತ್ತದ್ದೂ ಉಂಟಂತೆ. ಆಮೇಲಾಮೇಲೆ, ‘ಪರವಾಗಿಲ್ಲ’ ಅಂದ ದಿನ ಇನ್ನೆರಡು ಕಡುಬು ಬಡಿಸಬೇಕು, ಸುಮ್ಮನಿದ್ದ ದಿನ ಉಪ್ಪು ನೋಡಬೇಕು ಎಂದು ಕಲಿತುಕೊಂಡರು.

ಮೇಷ್ಟ್ರು ಕೆಟ್ಟವರೇನಲ್ಲ, ಅದು ಅಪ್ಪನಿಂದ ಬಂದ ಗುಣ. ಅವರಪ್ಪ ಲಿಂಗಪ್ಪ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದರು. ಕಾಫಿ ಕುಯ್ಲಿನ ದಿನಗಳಲ್ಲಿ ಕುಯ್ಯುವವರ ಹಿಂದೆಯೇ ನಡೆಯುತ್ತಾ, ಕೆಳಗಿನ ಕೊಂಬೆ ಎತ್ತಿ ಗಿಡದ ಬುಡ ನೋಡುವರು. ಹಣ್ಣು ಉದುರಿ ಬಿದ್ದಿದ್ದರೆ ಬೈಗುಳ. ಬುಡ ಚೊಕ್ಕವಾಗಿದ್ದರೆ ಒಂದು ಮಾತಿಲ್ಲದೆ ಮುಂದಿನ ಗಿಡ. ಆ ಮೌನವೇ ಶಹಬ್ಬಾಸ್‌ಗಿರಿ. ಅದನ್ನು ನೋಡಿ ಬೆಳೆದ ಮಗನಿಗೆ ಬೇರೆ ರೀತಿ ಗೊತ್ತಿರಲಿಲ್ಲ.

ಹೀಗಿರುವಾಗ ಡಿಸೆಂಬರಿನಲ್ಲಿ ಇಂಚರಾ ಒಂದು ಅರ್ಜಿ ಹಿಡಿದುಕೊಂಡು ಬಂದಳು. ಜಾವಳಿಯ ಹುಡುಗಿ, ದ್ವಿತೀಯ ಪಿಯು. ಅಪ್ಪ ಯಶವಂತ ಪಿಕಪ್ ಓಡಿಸುತ್ತಾನೆ, ಅಮ್ಮ ಕುಸುಮಾ ಆಶಾ ಕಾರ್ಯಕರ್ತೆ. ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳಲ್ಲಿ ಬಸುರಿ ಬಾಣಂತಿಯರನ್ನು ನೋಡಲು ಅಮ್ಮ ಹೊರಟರೆ, ರಜೆಯ ದಿನ ಮಗಳೂ ಹಿಂದೆಯೇ. ಡಾಕ್ಟರಾಗಬೇಕು ಅನ್ನುವುದು ಅವಳಿಗೆ ಅಲ್ಲೇ ಹತ್ತಿಕೊಂಡ ಹುಚ್ಚು. ಹಂಗೇರಿ ದೇಶದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಹೊರದೇಶದ ಇಬ್ಬರು ಮಕ್ಕಳಿಗೆ ಶುಲ್ಕವಿಲ್ಲದ ಸೀಟು ಕೊಡುತ್ತಾರೆಂದು ಹುಡುಕಿ ತೆಗೆದಿದ್ದಳು. ಸ್ಟಾಫ್ ರೂಮಿನಲ್ಲಿ ಹಂಗೇರಿ ಎಲ್ಲಿದೆ ಅಂತ ಭೂಪಟ ಬಿಚ್ಚಿ ಒಂದು ಪೀರಿಯಡ್ ಚರ್ಚೆಯಾಯಿತು. ಆ ಅರ್ಜಿಗೆ ಜೀವಶಾಸ್ತ್ರದ ಮೇಷ್ಟ್ರ ಶಿಫಾರಸು ಪತ್ರ ಬೇಕಿತ್ತು.

ಮೇಷ್ಟ್ರು ಅಲ್ಲೇ ಕೂತು ಬರೆದುಕೊಟ್ಟರು. ಕುಮಾರಿ ಇಂಚರಾ ಈ ಕಾಲೇಜಿನ ವಿದ್ಯಾರ್ಥಿನಿ, ನನಗೆ ತಿಳಿದ ಮಟ್ಟಿಗೆ ಆಕೆಯ ಓದು ಮತ್ತು ನಡತೆ ತೃಪ್ತಿಕರ. ಎರಡು ಸಾಲು, ಸಹಿ, ದುಂಡನೆಯ ಸೀಲು. ಇಪ್ಪತ್ತೆಂಟು ವರ್ಷದಿಂದ ಎಲ್ಲರಿಗೂ ಕೊಟ್ಟಿದ್ದು ಅದನ್ನೇ. ‘ತೃಪ್ತಿಕರ’ ಎಂದು ಬರೆದಾಗ ಅವರ ಮನಸ್ಸಿನಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಜನವರಿ ಮೊದಲ ವಾರ ಉತ್ತರ ಬಂತು. ಲ್ಯಾಬಿನಲ್ಲಿ ಮೈಕ್ರೋಸ್ಕೋಪು ಒರೆಸುತ್ತಿದ್ದ ಮೇಷ್ಟ್ರ ಮುಂದೆ ಇಂಚರಾ ಮೊಬೈಲು ಹಿಡಿದಳು. ಈ ವಿದ್ಯಾರ್ಥಿನಿಯ ಬಗ್ಗೆ ಶಿಕ್ಷಕರಿಗೆ ಏನೋ ಅನುಮಾನವಿರುವಂತೆ ತೋರುತ್ತದೆ, ಹತ್ತು ದಿನದೊಳಗೆ ವಿವರವಾದ ಪತ್ರ ಬರದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದಿತ್ತು. ಹುಡುಗಿ ದೂರಲಿಲ್ಲ, ಅಳಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದಳು.

“ಸರ್, ನನ್ನ ಮೇಲೆ ನಿಮಗೆ ಏನಾದ್ರೂ ಬೇಜಾರಿದೆಯಾ?”

ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಎರಡು ವರ್ಷ ಎದುರಿಗೆ ಕೂತ ಹುಡುಗಿಗೆ ಇಷ್ಟೂ ಗೊತ್ತಿಲ್ಲವಾ ಅನ್ನಿಸಿತು. ಆಮೇಲೆ, ಗೊತ್ತಾಗುವುದಾದರೂ ಹೇಗೆ ಅಂತಲೂ ಅನ್ನಿಸಿತು.

ಇಂಗ್ಲಿಷ್ ಹೇಳಿಕೊಡುವ ಎಳೆಯ ಲೆಕ್ಚರರ್ ಶಶಿಕಿರಣ್ ಸಹಾಯಕ್ಕೆ ಬಂದ. ಅರ್ಧ ಗಂಟೆಯಲ್ಲಿ ಇಂಟರ್ನೆಟ್ಟಿನಿಂದ ಒಂದು ಪತ್ರ ಇಳಿಸಿ ತಂದ. ಅಸಾಮಾನ್ಯ ಪ್ರತಿಭೆ, ಅದ್ಭುತ ನಾಯಕತ್ವ, ಹುಟ್ಟು ವಿಜ್ಞಾನಿ, ಏನುಂಟು ಏನಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಯಾರು ಮಾರಾಯ ಈ ಹುಡುಗಿ? ನಮ್ಮ ಕಾಲೇಜಿಗೆ ಸೇರಿದ ಹಾಗಿಲ್ವಲ್ಲ.”

ಸಹಿ ಹಾಕಲಿಲ್ಲ. ತಾನೇ ಬರೆಯುತ್ತೇನೆಂದು ಮನೆಗೆ ಬಂದು ಮೂರು ದಿನ ಹಾಳೆ ಮುಂದಿಟ್ಟುಕೊಂಡು ಕೂತರು. ‘ಬುದ್ಧಿವಂತೆ’ ಎಂದು ಬರೆದು ಹೊಡೆದುಹಾಕಿದರು, ‘ಶ್ರಮಜೀವಿ’ ಎಂದು ಬರೆದು ಅದನ್ನೂ ಹೊಡೆದರು. ಗಿರಿಜಾಂಬಾ ಕಾಫಿ ತಂದಿಡುತ್ತಾ, ಮೂವತ್ತು ವರ್ಷದಲ್ಲಿ ನನಗೊಂದು ಒಳ್ಳೆ ಮಾತು ಸಿಗಲಿಲ್ಲ, ಪಾಪ ಆ ಹುಡುಗಿಗೆ ಹತ್ತು ದಿನದಲ್ಲಿ ಎಲ್ಲಿಂದ ಹುಡುಕ್ತೀರಿ ಎಂದು ಚುಚ್ಚಿಯೇ ಹೋದರು.

ಭಾನುವಾರ ಅವರ ಎರಡೆಕರೆ ರೊಬಸ್ಟಾ ಕಾಫಿ ತೋಟದಲ್ಲಿ ಕುಯ್ಲು. ಲಕ್ಕಯ್ಯನೇ ಮುಂದೆ ನಿಂತು ಮಾಡಿಸುತ್ತಿದ್ದ. ಎಪ್ಪತ್ತು ದಾಟಿದ ಲಕ್ಕಯ್ಯ ಹಿಂದೆ ಲಿಂಗಪ್ಪನ ಕೈಕೆಳಗೆ ಕೆಲಸ ಮಾಡಿದವನು. ಕೊಂಬೆ ಎತ್ತಿ ಬುಡ ನೋಡಿ ಮುಂದಕ್ಕೆ ಹೋಗುವ ಅವನನ್ನು ನೋಡಿ ಮೇಷ್ಟ್ರಿಗೆ ಅಪ್ಪನನ್ನೇ ಕಂಡಂತಾಯಿತು. ಅಪ್ಪ ಹೀಗೇ ಮಾತಿಲ್ಲದೆ ಮುಂದೆ ಹೋದಾಗ ನಿಮಗೆಲ್ಲ ಏನನ್ನಿಸುತ್ತಿತ್ತು ಎಂದು ಕೇಳಿದರು. ಲಕ್ಕಯ್ಯ ಸೊಂಟ ನೆಟ್ಟಗೆ ಮಾಡಿಕೊಂಡ.

“ಸಂತೋಷವೇ ಆಗ್ತಿತ್ತು ಮೇಷ್ಟ್ರೇ. ನಿಮ್ಮಪ್ಪಾರು ಬಾಯಿ ತೆಗೀದಿದ್ರೆ ಗಿಡ ಗೆದ್ದ ಹಾಗೆ. ಆದ್ರೆ ಇಪ್ಪತ್ತು ವರ್ಷ ಮಾಡಿದ್ನಲ್ಲ, ಒಂದೇ ಒಂದು ಸಲ ‘ಲಕ್ಕ, ಚೆನ್ನಾಗಿ ಕುಯ್ದಿದೀಯ’ ಅಂದಿದ್ರೆ ಅವ್ರ ಗಂಟೇನು ಹೋಗ್ತಿತ್ತು ಅಂತ ಈಗ್ಲೂ ಒಂದೊಂದ್ಸಲ ಅನ್ಸುತ್ತೆ.”

ಅಷ್ಟು ಹೇಳಿ ಮುಂದಿನ ಗಿಡಕ್ಕೆ ಹೋದ. ಮೇಷ್ಟ್ರು ಮಾತ್ರ ಅಲ್ಲೇ ಚೀಲದ ಮೇಲೆ ಕೂತುಬಿಟ್ಟರು. ಹೀಗೆ ಕೊಂಬೆ ಎತ್ತಿ ನೋಡಿದರೆ ಈ ಹುಡುಗಿಯಲ್ಲಿ ತಾನು ಕಂಡಿರುವುದೇನು? ಹಾಗೆ ಕೇಳಿಕೊಂಡದ್ದೇ ತಡ, ಆಗಸ್ಟ್ ತಿಂಗಳ ಒಂದು ದಿನ ಕಣ್ಣ ಮುಂದೆ ಬಂತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಆವತ್ತು ಲ್ಯಾಬಿನ ಬಾಗಿಲಲ್ಲಿ ಕೃತಿಕಾ ಎಂಬ ಹುಡುಗಿ ಫಿಟ್ಸ್ ಬಂದು ಬಿದ್ದಳು. ಎಲ್ಲರೂ ಕೂಗಾಡುತ್ತಿರುವಾಗ ಜಯದೇವಪ್ಪ ಮೇಷ್ಟ್ರು ಜೇಬಿನಿಂದ ಲ್ಯಾಬಿನ ಬೀಗದ ಕೈ ಗೊಂಚಲು ತೆಗೆದುಕೊಂಡು ಓಡಿದರು. ಕಬ್ಬಿಣ ಕೈಗೆ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂದು ಅವರಜ್ಜಿ ಹೇಳುತ್ತಿದ್ದರು. ನರಮಂಡಲದ ಪಾಠವನ್ನು ಇಪ್ಪತ್ತೆಂಟು ಸಲ ಮಾಡಿದ ಮೇಷ್ಟ್ರಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಅಜ್ಜಿಯೇ. ಇಂಚರಾ ಅಷ್ಟರಲ್ಲಿ ಕೃತಿಕಾಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಸ್ವೆಟರ್ ಇಟ್ಟು, ಬೆಂಚು ದೂರ ಸರಿಸಿದ್ದಳು. ಮೇಷ್ಟ್ರ ಕೈಯಿಂದ ಗೊಂಚಲನ್ನು ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲಿಟ್ಟು, ಇದು ಬೇಡ ಸರ್, ನೀವು ಟೈಮ್ ನೋಡಿ ಸರ್ ಎಂದಳು. ಮೇಷ್ಟ್ರು ಗಡಿಯಾರ ನೋಡುತ್ತಾ ನಿಂತರು. ಮೂರು ನಿಮಿಷ ಹತ್ತು ಸೆಕೆಂಡು. ಕೃತಿಕಾ ಕಣ್ಣು ಬಿಟ್ಟಾಗ ಇಂಚರಾ ಮೊದಲು ಅವಳ ಲಂಗ ಸರಿಮಾಡಿ, ಆಮೇಲೆ ಸುತ್ತ ನಿಂತವರನ್ನೆಲ್ಲ ಹೊರಗೆ ಕಳಿಸಿದಳು. ಮರುದಿನ ಯಾರ ಹತ್ತಿರವೂ ಬೀಗದ ಕೈ ಸುದ್ದಿ ಎತ್ತಲಿಲ್ಲ. ಮೇಷ್ಟ್ರೂ ಅಪ್ಪನ ಹಾಗೆ ಮಾತಿಲ್ಲದೆ ಮುಂದಿನ ಪಾಠಕ್ಕೆ ಹೋದರು.

ಮಧ್ಯಾಹ್ನದೊಳಗೆ ಪತ್ರ ಮುಗಿಯಿತು. ಒಂದೇ ಒಂದು ಹೊಗಳಿಕೆಯ ಶಬ್ದವನ್ನೂ ಹುಡುಕಬೇಕಾಗಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದರು. ಇಂಗ್ಲಿಷ್‌ಗೆ ತಿರುಗಿಸಲು ಕೂತ ಶಶಿಕಿರಣ್ ಬೀಗದ ಕೈ ಬಂದ ಕಡೆ ತಡೆದ. ಇದನ್ನು ಬಿಟ್ಟುಬಿಡೋಣ ಸರ್, ಜೀವಶಾಸ್ತ್ರದ ಮೇಷ್ಟ್ರು ಹೀಗೆ ಮಾಡಿದ್ರು ಅಂದ್ರೆ ಕಾಲೇಜಿಗೂ ಮರ್ಯಾದೆ ಅಲ್ಲ, ನಿಮಗೂ ಅಲ್ಲ ಎಂದ.

“ಅದನ್ನು ಬಿಟ್ಟರೆ ಆ ಹುಡುಗಿ ಮಾಡಿದ್ದು ಎಷ್ಟು ದೊಡ್ಡದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಇರಲಿ, ಬರಿ.”

ಕೊನೆಗೆ ಒಂದು ಸಾಲು ಸೇರಿಸಿದರು: ಆವತ್ತು ಇದನ್ನು ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಸಂದರ್ಶನಕ್ಕೆ ಕರೆ ಬಂತು. ಜಾವಳಿಯಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲವೆಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೇ ಕೂರಿಸಿದರು. ಮೇಷ್ಟ್ರು ಮುಕ್ಕಾಲು ಗಂಟೆ ಹೊರಗೆ ಅಡ್ಡಾಡಿದರು. ಬಾಗಿಲು ತೆಗೆದು ಬಂದ ಇಂಚರಾಳ ಮುಖ ಕೆಂಪಾಗಿತ್ತು. ಹಂಗೇರಿಯವರು ಮೊದಲು ಕೇಳಿದ್ದೇ ಬೀಗದ ಕೈ ವಿಷಯವಂತೆ. ಮೇಷ್ಟ್ರಿಗೆ ಬೇಡ ಅನ್ನೋಕೆ ಭಯವಾಗಲಿಲ್ಲವಾ ಎಂದರಂತೆ. ಬಹಳ ಭಯವಾಗಿತ್ತು ಎಂದಳಂತೆ.

“ಅದನ್ನ ನೀವೇ ಬರೆದ್ರಾ ಸರ್?”

“ಬರೆದೆ. ಆವತ್ತು ನೀನು ಬಹಳ ಚೆನ್ನಾಗಿ ಮಾಡಿದೆ ಮಗಾ.”

ಅಷ್ಟು ಹೇಳಿದ ಮೇಷ್ಟ್ರು, ಪಿಯು ಪರೀಕ್ಷೆ ಹತ್ತಿರ ಬಂತು, ಹೋಗಿ ಓದು ಎಂದರು.

ಫೆಬ್ರವರಿ ಕೊನೆಯಲ್ಲಿ ಹಂಗೇರಿಯಿಂದ ಪತ್ರ ಬಂತು. ಪಿಯು ಪಾಸಾದರೆ ಸೀಟು ಖಾತ್ರಿ. ಅವಳಮ್ಮ ಕುಸುಮಾ ಆಶಾ ಕೆಲಸದ ಸೀರೆಯಲ್ಲೇ ಓಡಿಬಂದು ಮೇಷ್ಟ್ರ ಕೈಗೆ ಸಕ್ಕರೆ ಹಾಕಿ ಹೋದಳು.

ಆ ಸಂಜೆ ಮೇಷ್ಟ್ರು ತೋಟಕ್ಕೆ ಹೋದರು. ಎರಡನೇ ಸುತ್ತಿನ ಕುಯ್ಲಿನ ಕೊನೆಯ ದಿನ. ಲಕ್ಕಯ್ಯ ಕುಯ್ದು ಬಿಟ್ಟ ಗಿಡದ ಕೊಂಬೆ ಎತ್ತಿ, ಬಗ್ಗಿ ಬುಡ ನೋಡಿದರು. ಒಂದೂ ಹಣ್ಣಿರಲಿಲ್ಲ.

“ಲಕ್ಕಯ್ಯ, ಚೆನ್ನಾಗಿ ಕುಯ್ದಿದೀರಿ.”

“ಏನಂದ್ರಿ ಮೇಷ್ಟ್ರೇ? ಕಿವಿ ಸ್ವಲ್ಪ ಮಂದ.”

ಆಚೆ ಸಾಲಿನಲ್ಲಿ ಒಂದು ಹಣ್ಣು ಬಿದ್ದರೂ ಸದ್ದು ಹಿಡಿಯುವ ಕಿವಿ ಲಕ್ಕಯ್ಯನದು. ಮೇಷ್ಟ್ರಿಗೂ ಅದು ಗೊತ್ತು. ಆದರೂ ಇನ್ನೊಂದು ಸಲ, ತೋಟಕ್ಕೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದರು.