ಹಸಿರು ಚುಕ್ಕಿಯ ಹಾಜರಿ

ಈಚೆಗೆ ನನಗೆ ನನ್ನ ವಿದ್ಯಾರ್ಥಿಗಳ ಮುಖಕ್ಕಿಂತ ಅವರ ಬಣ್ಣವೇ ಹೆಚ್ಚು ಪರಿಚಯ. ತಪ್ಪು ತಿಳಿಯಬೇಡಿ. ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಪರಿಸರ ಅಧ್ಯಯನದ ಪಾಠ ಈಗ ಆನ್‌ಲೈನ್ ಪೋರ್ಟಲ್ಲಿನ ವಿಡಿಯೋಗಳಲ್ಲಿ ನಡೆಯುತ್ತದೆ. ಪಾಠ ಮಾಡುವವರು ಯಾರೋ. ಯಾರು ಎಷ್ಟು ನೋಡಿದರೆಂದು ಕಾಯುವ ಕೆಲಸ ಮಾತ್ರ ನನ್ನದು. ಪೂರ್ತಿ ನೋಡಿದವರ ಹೆಸರಿನ ಮುಂದೆ ಹಸಿರು ಚುಕ್ಕಿ, ನೋಡದವರಿಗೆ ಕೆಂಪು. ಕೆಂಪಿನವರಿಗೆ ಪರೀಕ್ಷೆ ಇಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಚುಕ್ಕಿ ಎಣಿಸುವ ಬಡ್ತಿ!

ಕವಲಂದೆಯ ಪ್ರಸಾದ ನಮ್ಮ ಪೋರ್ಟಲ್ಲಿನ ಕಣ್ಮಣಿ. ನೂರಕ್ಕೆ ನೂರು. ಇಂಥ ಶಿಷ್ಯ ಸಿಕ್ಕಿದ ಪುಣ್ಯಕ್ಕೆ ಉಬ್ಬಿಹೋಗಿ, ಒಂದು ದಿನ ಅವನನ್ನು ನಿಲ್ಲಿಸಿಕೊಂಡು ಅಂತರ್ಜಲ ಎಂದರೇನಪ್ಪಾ ಎಂದೆ.

"ಗೊತ್ತಿಲ್ಲ ಸಾ. ವಿಡಿಯೋ ಹಾಕ್ಬುಟ್ಟು, ಪೋನ್ನ ಚಾರ್ಜಿಗಿಟ್ಟು ದನ ಮೇಯ್ಸಕ್ಕೋಯ್ತೀನಿ. ಅದ್ರ ಪಾಡ್ಗೆ ಅದು ಓಡ್ತದೆ" ಎಂದ. ಮನೆಯಲ್ಲಿ ಕಲಿತದ್ದು ಫೋನು, ಪಾಪ.

ಪಟ್ಟಿಯ ಕೊನೆಯಲ್ಲಿ ಕೆಂಪಾಗಿ ಉಳಿದಿದ್ದವಳು ಹುಲ್ಲಹಳ್ಳಿ ಕಡೆಯ ನಂಜಮಣಿ ಒಬ್ಬಳೇ. ದೊಡ್ಡ ಸೊನ್ನೆ. ಗದರಿಸೋಣವೆಂದು ಕರೆಸಿದೆ.

"ನಮ್ಮನೆ ಪೋನು ಅಣ್ಣನ್ ಜೊತೆ ಕೆಲ್ಸಕ್ಕೋಯ್ತದೆ ಸಾ. ಪಕ್ಕದ್ಮನೆ ಸಾವಿತ್ರಿ ಪೋನಲ್ಲಿ ಇಬ್ರೂ ಕೂತ್ಕಂಡು ಕೇಳ್ತೀವಿ."

ವಿಡಿಯೋ ಓಡುವುದು ಅದೇ ತರಗತಿಯ ಸಾವಿತ್ರಿಯ ಹೆಸರಿನಲ್ಲಿ. ಹಾಗಾಗಿ ಅವಳಿಗೆ ಹಸಿರು, ಇವಳಿಗೆ ಕೆಂಪು. ಅದೇ ಅಂತರ್ಜಲವನ್ನು ಕೇಳಿದೆ. ಪಟಪಟನೆ ಹೇಳಿದ್ದಲ್ಲದೆ, "ಪಾಠದಲ್ಲಿ ಮಳೆ ಒಂದನ್ನೇ ಹೇಳವ್ರೆ ಸಾ. ನಾಲೇಲಿ ನೀರು ಬುಟ್ಟಾಗ್ಲೂ ನಮ್ ಬಾವಿ ಏರ್ತದಲ್ಲ, ಅದನ್ನ ಬುಟ್ಬುಟ್ಟವ್ರೆ" ಎಂದಳು. ನಿಜ ಹೇಳುತ್ತೇನೆ, ಅದು ನನಗೂ ಹೊಳೆದಿರಲಿಲ್ಲ. ಆಮೇಲೆ ಅವಳೇ ಕೇಳಿದಳು. "ಪರೀಕ್ಸೆಗೆ ಕೂರ್ಸಲ್ವಾ ಸಾ? ಇದೊಂದು ಹೋದ್ರೆ ಮನೇಲಿ ಕಾಲೇಜು ಬುಡಿಸ್ಬುಡ್ತಾರೆ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಶೇಕಡಾವಾರು ಲೆಕ್ಕವನ್ನು ಆಗಲೇ ಕೊಟ್ಟಿದ್ದರು. ಪೋರ್ಟಲ್ಲಿಗೆ ಎರಡೂ ಬೇಡ, ವಿಡಿಯೋ ಮುಗಿದರೆ ಸಾಕು. ಪೋರ್ಟಲ್ ನೋಡಿಕೊಳ್ಳುವ ಮಹಾಶಯರಿಗೆ ಫೋನು ಮಾಡಿ ನಂಜಮಣಿಯ ವಿಷಯ ಹೇಳಿದೆ.

"ಆ ಹುಡುಗಿ ಕಲಿತಿಲ್ಲವಲ್ಲ ಸಾರ್."

"ಕಲಿತಿದ್ದಾಳೆ ಕಣ್ರೀ, ನಾನೇ ಎದುರಿಗೆ ಕೂರಿಸಿಕೊಂಡು ಕೇಳಿದೆ."

"ಅದಕ್ಕೆ ಕಾಲಂ ಇಲ್ಲ ಸಾರ್."

ತಲೆ ಕೆಟ್ಟು ಹೊರಗೆ ಬಂದರೆ ಬಾಗಿಲಲ್ಲೇ ಪ್ರಸಾದ. ಎಲ್ಲ ಕೇಳಿಸಿಕೊಂಡಿದ್ದ. "ಅವಳ ಪಾಸ್‌ವರ್ಡು ಕೊಡ್ಲಿ ಬುಡಿ ಸಾ. ಮನೇಲಿ ನಮ್ಮಪ್ಪುಂದು ಇನ್ನೊಂದು ಪೋನದೆ. ಎಂಗಿದ್ರೂ ಚಾರ್ಜಿಗಿಡೋದು ತಾನೇ?"

ನಾನೇ ನಂಜಮಣಿಯನ್ನು ಕರೆದು ಪಾಸ್‌ವರ್ಡು ಕೊಡಿಸಿದೆ. ವಾರದೊಳಗೆ ನಂಜಮಣಿ ಹಸಿರಾದಳು, ಪರೀಕ್ಷೆಗೂ ಕೂತಳು. ಒಂದೂ ಕೆಂಪು ಚುಕ್ಕಿ ಇಲ್ಲದಂತೆ ಮಾಡಿದ್ದಕ್ಕೆ ಪ್ರಿನ್ಸಿಪಾಲರು ಸಭೆಯಲ್ಲಿ ನನಗೆ ಚಪ್ಪಾಳೆ ತಟ್ಟಿಸಿದರು. ಹಾಜರಿ ಕೂಗುವಾಗ ಬಾರದ ಗೆಳೆಯನ ಪರವಾಗಿ 'ಎಸ್ ಸಾರ್' ಎಂದು ಪ್ರಾಕ್ಸಿ ಹೇಳಿದ ಅದೆಷ್ಟು ಹುಡುಗರನ್ನು ನಾನು ಹೊರಗಟ್ಟಿದ್ದೇನೋ! ಈಗ, ಎದುರಿಗೇ ನಿಂತು ಉತ್ತರ ಹೇಳಿದವಳು ಇದ್ದಾಳೆಂದು ಒಪ್ಪಿಸುವುದಕ್ಕೆ ನಾನೇ ಪ್ರಾಕ್ಸಿ ಹಾಕಿಸಿದೆ.